ಹೊಟ್ಟೆ ಕೆಟ್ಟು ವಾಸಿಯಾದ ಮೇಲೆ ಕಾಲಲ್ಲಿ ಕೆಂಪು ಚುಕ್ಕೆ: ಐಜಿಎ ವ್ಯಾಸ್ಕುಲೈಟಿಸ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಭೇದಿ ನಿಂತು ಒಂದೆರಡು ವಾರ ಆಗಿರುತ್ತದೆ. ಮಗು ಮತ್ತೆ ಆಟಕ್ಕೂ ಹೋಗುತ್ತಿರುತ್ತದೆ. ಆಗ ಒಂದು ದಿನ ಕಾಲಿನ ಮೇಲೆ ಕೆಂಪು ಚುಕ್ಕೆ ಏಳುತ್ತವೆ, ಪಾದದ ಗಂಟು ಊದಿಕೊಳ್ಳುತ್ತದೆ, ಹೊಟ್ಟೆ ಹಿಂಡಿದ ಹಾಗೆ ನೋಯುತ್ತದೆ. ಹೋದ ಭೇದಿಗೂ ಈ ಚುಕ್ಕೆಗೂ ಸಂಬಂಧ ಇರಬಹುದು ಅಂತ ಯಾರಿಗೂ ಹೊಳೆಯುವುದಿಲ್ಲ, ಡಾಕ್ಟರ್ ಹತ್ತಿರ ಹೇಳಲೂ ಮರೆತುಬಿಡುತ್ತಾರೆ. ಪೂರ್ತಿ ಓದಲು ಸಮಯ ಇಲ್ಲದವರು ಎರಡೇ ಉತ್ತರ ಓದಿ: ಯಾವಾಗ ತಕ್ಷಣ ಆಸ್ಪತ್ರೆಗೆ ಓಡಬೇಕು ಅನ್ನುವುದು, ಮತ್ತೆ ಕಿಡ್ನಿ ಬಗ್ಗೆ ಇರುವುದು.

ಇದು ಏನು ಕಾಯಿಲೆ?

ಸಣ್ಣ ರಕ್ತನಾಳಗಳ ಉರಿಯೂತ. ವೈದ್ಯರು ಇದನ್ನು ಐಜಿಎ ವ್ಯಾಸ್ಕುಲೈಟಿಸ್ ಅನ್ನುತ್ತಾರೆ. ಹಳೆಯ ರಿಪೋರ್ಟುಗಳಲ್ಲಿ ಹೆನೋಕ್-ಶೋನ್‌ಲೈನ್ ಪರ್ಪುರಾ ಅಥವಾ ಎಚ್‌ಎಸ್‌ಪಿ ಅಂತ ಇರುತ್ತದೆ, ಎರಡೂ ಒಂದೇ. ಚುಕ್ಕೆ ಮತ್ತು ಕೀಲುನೋವು ಜೊತೆಜೊತೆಗೆ ಬರುವುದನ್ನು ಜರ್ಮನಿಯ ವೈದ್ಯ ಶೋನ್‌ಲೈನ್ 1837ರಲ್ಲಿ ಬರೆದರು. ಹೊಟ್ಟೆ ಮತ್ತು ಕಿಡ್ನಿಯ ಭಾಗವನ್ನು ಅವರ ಶಿಷ್ಯ ಹೆನೋಕ್ ಆಮೇಲೆ ಸೇರಿಸಿದರು. ಈಗಿನ ಹೆಸರು ರಕ್ತನಾಳದ ಉರಿಯೂತಗಳಿಗೆ ಹೆಸರು ನಿಗದಿಮಾಡಿದ ವೈದ್ಯರ 2012ರ ಚಾಪೆಲ್ ಹಿಲ್ ಸಮಾವೇಶದಿಂದ ಬಂದದ್ದು.

ಚರ್ಮ, ಕೀಲು, ಕರುಳು, ಕಿಡ್ನಿ, ಈ ನಾಲ್ಕು ಕಡೆ ಇದರ ಆಟ ಜಾಸ್ತಿ. ಅಪರೂಪಕ್ಕೆ ಶ್ವಾಸಕೋಶ, ಮಿದುಳು ಕೂಡ ಸಿಕ್ಕಿಕೊಳ್ಳುತ್ತವೆ.

ಹೊಟ್ಟೆಯ ಸೋಂಕಿಗೂ ಕಾಲಿನ ರಕ್ತನಾಳಕ್ಕೂ ಎಲ್ಲಿಂದೆಲ್ಲಿಯ ಸಂಬಂಧ?

ಸಂಬಂಧ ಐಜಿಎ ಅನ್ನುವ ಪ್ರತಿಕಾಯದಲ್ಲಿದೆ (ಪ್ರತಿಕಾಯ ಅಂದರೆ ಸೋಂಕಿನ ವಿರುದ್ಧ ದೇಹ ತಯಾರಿಸುವ ರಕ್ಷಣಾ ಪ್ರೋಟೀನ್, ಆಂಟಿಬಾಡಿ). ನಮ್ಮ ದೇಹ ದಿನಕ್ಕೆ ತಯಾರಿಸುವ ಪ್ರತಿಕಾಯಗಳಲ್ಲಿ ಬೇರೆ ಎಲ್ಲ ಬಗೆಯವನ್ನು ಕೂಡಿಸಿದರೂ ಐಜಿಎಯೇ ಜಾಸ್ತಿ. ಅದರ ಬಹುಪಾಲು ತಯಾರಾಗುವುದು ಕರುಳಿನ ಒಳಪದರದಲ್ಲಿ. ಕರುಳು ಹೊರಗಿನಿಂದ ಬರುವ ಸೂಕ್ಷ್ಮಜೀವಿಗಳನ್ನು ದಿನವಿಡೀ ಎದುರಿಸುವ ಜಾಗ ಅಲ್ವಾ, ಕಾವಲೂ ಅಲ್ಲೇ ಜಾಸ್ತಿ ಬೇಕು.

ಕರುಳಿಗೆ ಬ್ಯಾಕ್ಟೀರಿಯಾ ನುಗ್ಗಿದಾಗ ಐಜಿಎ ತಯಾರಿ ಏರುತ್ತದೆ. ಸಾಮಾನ್ಯವಾಗಿ ಅದು ತನ್ನ ಕೆಲಸ ಮುಗಿಸಿ ಕರಗಿಹೋಗುತ್ತದೆ. ಈ ಕಾಯಿಲೆ ಬರುವವರಲ್ಲಿ ಮಾತ್ರ ಐಜಿಎಯ ಒಂದು ಬಗೆ, ಐಜಿಎ1, ಸ್ವಲ್ಪ ಅರೆಬರೆಯಾಗಿ ತಯಾರಾಗಿರುತ್ತದೆ. ಆ ಅಣುವಿನ ನಡುಭಾಗದಲ್ಲಿ ಸಕ್ಕರೆಯ ಸರಪಳಿಗಳಿರುತ್ತವೆ, ಅವುಗಳ ತುದಿಯಲ್ಲಿ ಗ್ಯಾಲಕ್ಟೋಸ್ ಇರಬೇಕಾದ ಕಡೆ ಅದು ಇರುವುದಿಲ್ಲ. ಇಷ್ಟು ಸಣ್ಣ ಕೊರತೆ ಸಾಕು, ದೇಹ ಅದನ್ನು ಪರಕೀಯ ಅಂದುಕೊಂಡು ಅದರ ಮೇಲೇ ಇನ್ನೊಂದು ಪ್ರತಿಕಾಯ ತಯಾರಿಸುತ್ತದೆ. ಎರಡೂ ಅಂಟಿಕೊಂಡು ದೊಡ್ಡ ಗಂಟಾಗುತ್ತವೆ. ರಕ್ತದ ಜೊತೆ ಹರಿದು ಅತಿ ಸಣ್ಣ ರಕ್ತನಾಳಗಳ ಗೋಡೆಯಲ್ಲಿ ಕೂತುಬಿಡುತ್ತವೆ.

ಅಲ್ಲಿ ಕಾಂಪ್ಲಿಮೆಂಟ್ ಅನ್ನುವ ರಕ್ಷಣಾ ಪ್ರೋಟೀನುಗಳು ಕೆರಳುತ್ತವೆ, ನ್ಯೂಟ್ರೋಫಿಲ್ ಅನ್ನುವ ಬಿಳಿ ರಕ್ತಕಣಗಳು ಓಡಿಬರುತ್ತವೆ, ಗೋಡೆ ಹಾಳಾಗಿ ರಕ್ತ ಹೊರಗೆ ಜಿನುಗುತ್ತದೆ. ಚರ್ಮದಲ್ಲಿ ಜಿನುಗಿದರೆ ಚುಕ್ಕೆ. ಕರುಳಿನ ಗೋಡೆಯಲ್ಲಾದರೆ ಹೊಟ್ಟೆನೋವು, ಕೆಲವೊಮ್ಮೆ ಮಲದಲ್ಲಿ ರಕ್ತ. ಕಿಡ್ನಿಯ ಸೋಸುವ ಜಾಗದಲ್ಲಾದರೆ ಮೂತ್ರಕ್ಕೆ ರಕ್ತ, ಪ್ರೋಟೀನ್ ಸೇರಿಕೊಳ್ಳುತ್ತವೆ.

ಕಾಲಲ್ಲೇ ಯಾಕೆ ಜಾಸ್ತಿ ಅಂದರೆ, ನಿಂತಾಗ ಕೂತಾಗ ರಕ್ತದ ಒತ್ತಡ ಕೆಳಭಾಗದ ಸಣ್ಣ ನಾಳಗಳ ಮೇಲೆ ಹೆಚ್ಚು ಬೀಳುತ್ತದೆ. ಇನ್ನೂ ನಡೆಯದ ಕೂಸುಗಳಲ್ಲಿ ಮುಖ, ಬೆನ್ನಿನ ಮೇಲೂ ಚುಕ್ಕೆ ಕಾಣುವುದು ಇದೇ ಕಾರಣಕ್ಕೆ.

ಅಂದರೆ ರಕ್ತದೊಳಗೆ ಬ್ಯಾಕ್ಟೀರಿಯಾ ಸೇರಿಕೊಂಡಿದೆ ಅಂತಲಾ?

ಅಲ್ಲ. ಈ ಪ್ರಶ್ನೆಯ ಹಿಂದಿರುವ ಹೆದರಿಕೆ ನನಗೆ ಅರ್ಥವಾಗುತ್ತದೆ, ಆದರೆ ಇಲ್ಲಿ ರಕ್ತನಾಳದ ಗೋಡೆಯಲ್ಲಿ ಕೂತಿರುವುದು ನಮ್ಮದೇ ಪ್ರತಿಕಾಯ. ಚುಕ್ಕೆ ಏಳುವ ಹೊತ್ತಿಗೆ ಎಷ್ಟೋ ಸಲ ಬ್ಯಾಕ್ಟೀರಿಯಾ ಕರುಳಿನಿಂದಲೇ ಹೋಗಿಯಾಗಿರುತ್ತದೆ. ಕಿಡಿ ಹೊತ್ತಿಸಿದ್ದು ಅದು, ಉರಿಯುತ್ತಿರುವುದು ನಮ್ಮ ರೋಗನಿರೋಧಕ ವ್ಯವಸ್ಥೆ.

ಯಾವ ಬ್ಯಾಕ್ಟೀರಿಯಾ ಇದಕ್ಕೆ ಕಾರಣ?

ಒಂದು ವಿಷಯ ಮೊದಲೇ ಹೇಳಬೇಕು. ಈ ಕಾಯಿಲೆಗೆ ಮುಂಚೆ ಜಾಸ್ತಿ ಕಾಣುವುದು ಗಂಟಲು, ಮೂಗಿನ ಸೋಂಕು. ಸ್ಟ್ರೆಪ್ಟೋಕಾಕಸ್ ಅದರಲ್ಲಿ ಮುಖ್ಯ, ವೈರಸ್‌ಗಳೂ ಇವೆ. ಕರುಳಿನ ಸೋಂಕಿನಿಂದ ಬರುವುದು ಅದಕ್ಕಿಂತ ಕಡಿಮೆ.

ಕರುಳಿನ ಬ್ಯಾಕ್ಟೀರಿಯಾಗಳಲ್ಲಿ ಕ್ಯಾಂಪಿಲೋಬ್ಯಾಕ್ಟರ್, ಸಾಲ್ಮೊನೆಲ್ಲಾ, ಶಿಗೆಲ್ಲಾ, ಯೆರ್ಸಿನಿಯಾ ಇವುಗಳ ನಂತರ ಕಾಯಿಲೆ ಕಾಣಿಸಿಕೊಂಡದ್ದನ್ನು ವೈದ್ಯರು ದಾಖಲಿಸಿದ್ದಾರೆ. ಕ್ಲಾಸ್ಟ್ರಿಡಿಯಾಯ್ಡಿಸ್ ಡಿಫಿಸೈಲ್ ಸೋಂಕಿನ ನಂತರ ಬಂದ ಪ್ರಕರಣಗಳೂ ಇವೆ. ಜಠರದಲ್ಲಿ ವರ್ಷಗಟ್ಟಲೆ ಸುಮ್ನೆ ಕೂತಿರುವ ಹೆಲಿಕೋಬ್ಯಾಕ್ಟರ್ ಪೈಲೋರಿಯ ಹೆಸರೂ ಈ ಪಟ್ಟಿಯಲ್ಲಿ ಆಗಾಗ ಬರುತ್ತದೆ.

ಇವುಗಳಲ್ಲಿ ಕ್ಯಾಂಪಿಲೋಬ್ಯಾಕ್ಟರ್ ಬಗ್ಗೆ ಎರಡು ಮಾತು ಹೆಚ್ಚು ಹೇಳುತ್ತೇನೆ. ಕಲುಷಿತ ಆಹಾರ ಒಳಗೆ ಹೋದ 2ರಿಂದ 5 ದಿನದಲ್ಲಿ ಜ್ವರ, ಹೊಟ್ಟೆನೋವು, ಭೇದಿ ಶುರುವಾಗುತ್ತದೆ. ಸುಮಾರು ಒಂದು ವಾರದಲ್ಲಿ ತಾನಾಗೇ ಇಳಿಯುತ್ತದೆ. ಆದರೆ ಇಳಿದ ಮೇಲೆ ದೇಹದ ರೋಗನಿರೋಧಕ ವ್ಯವಸ್ಥೆಯನ್ನು ದಾರಿ ತಪ್ಪಿಸುವುದರಲ್ಲಿ ಇದು ಕುಖ್ಯಾತ. ನರಗಳ ಮೇಲೆ ದಾಳಿಯಾಗುವ ಗಿಲನ್-ಬಾರೆ ಸಿಂಡ್ರೋಮ್, ಕೀಲುಗಳಲ್ಲಿ ರಿಯಾಕ್ಟಿವ್ ಆರ್ಥ್ರೈಟಿಸ್, ಇವೆರಡೂ ಇದರ ಬೆನ್ನಿಗೇ ಬರಬಲ್ಲವು. ಹಾಗಾಗಿ ಭೇದಿ ನಿಂತ ಕೆಲವು ವಾರಗಳೊಳಗೆ ಕೈಕಾಲು ಬಲ ಕಳೆದುಕೊಂಡರೂ, ಕೀಲು ಊದಿದರೂ, ಚುಕ್ಕೆ ಎದ್ದರೂ ‘ಹಿಂದೆ ಹೊಟ್ಟೆ ಕೆಟ್ಟಿತ್ತು’ ಅಂತ ಡಾಕ್ಟರಿಗೆ ಹೇಳಲೇಬೇಕು. ಅವರು ಕೇಳುವವರೆಗೆ ಕಾಯಬೇಡಿ.

ಒಂದೇ ಊಟ ಮಾಡಿ ಎಲ್ಲರಿಗೂ ಹೊಟ್ಟೆ ಕೆಟ್ಟಿತ್ತು. ಒಬ್ಬರಿಗೆ ಮಾತ್ರ ಯಾಕೆ ಹೀಗಾಯಿತು?

ಹುಟ್ಟಿನಿಂದ ಬಂದ ಗುಣ ಇದರಲ್ಲಿ ಇದೆ. ಅರೆಬರೆ ಐಜಿಎ1 ತಯಾರಾಗುವ ಪ್ರವೃತ್ತಿ ಕುಟುಂಬಗಳಲ್ಲಿ ಹರಿದುಬರುತ್ತದೆ, ರೋಗನಿರೋಧಕ ವ್ಯವಸ್ಥೆಗೆ ಸಂಬಂಧಿಸಿದ ಕೆಲವು ಎಚ್‌ಎಲ್‌ಎ ಜೀನ್‌ಗಳಿಗೂ ಈ ಕಾಯಿಲೆಗೂ ನಂಟಿದೆ. ಆದರೂ ಆ ಗುಣ ಇರುವ ಎಲ್ಲರಿಗೂ ಕಾಯಿಲೆ ಬರುವುದಿಲ್ಲ. ಅಡುಗೆ ಮಾಡಿದವರು ತಮ್ಮನ್ನು ದೂಷಿಸಿಕೊಳ್ಳುವುದನ್ನು ದಯವಿಟ್ಟು ನಿಲ್ಲಿಸಿ. ಹೊಟ್ಟೆ ಕೆಟ್ಟ ಮಕ್ಕಳಲ್ಲಿ ಬಹುಪಾಲು ಎಲ್ಲರೂ ಯಾವ ತೊಂದರೆಯೂ ಇಲ್ಲದೆ ಹುಷಾರಾಗುತ್ತಾರೆ.

ಯಾವ ವಯಸ್ಸಿನವರಿಗೆ ಬರುತ್ತದೆ?

ಸುಮಾರು 90% ರೋಗಿಗಳು ಮಕ್ಕಳೇ. 4ರಿಂದ 6 ವರ್ಷದವರಲ್ಲಿ ಅತಿ ಜಾಸ್ತಿ, ಹುಡುಗರಲ್ಲಿ ಸ್ವಲ್ಪ ಹೆಚ್ಚು. ಮಕ್ಕಳಿಗೆ ಬರುವ ರಕ್ತನಾಳದ ಉರಿಯೂತಗಳಲ್ಲಿ ಇದೇ ಅತಿ ಸಾಮಾನ್ಯವಾದದ್ದು. ದೊಡ್ಡವರಿಗೆ ಕಡಿಮೆ ಬಂದರೂ ಬಂದಾಗ ಗಟ್ಟಿಯಾಗೇ ಬರುತ್ತದೆ, ಅದನ್ನು ಮುಂದೆ ಹೇಳಿದ್ದೇನೆ.

ಚುಕ್ಕೆ ಹೇಗಿರುತ್ತದೆ? ಸೊಳ್ಳೆ ಕಡಿತ, ಅಲರ್ಜಿ ಅಲ್ಲ ಅಂತ ಹೇಗೆ ಗೊತ್ತಾಗುತ್ತದೆ?

ಬೆಳಕಿನಲ್ಲಿ ಕಾಲನ್ನು ಹತ್ತಿರದಿಂದ ನೋಡಿ. ಮೊದಲು ಸಾಸಿವೆ ಕಾಳಿನಷ್ಟು ಸಣ್ಣ ಕೆಂಪು ಗುಳ್ಳೆ, ಆಮೇಲೆ ಕಡುಗೆಂಪು, ಕೊನೆಗೆ ನೇರಳೆ, ಕಂದು. ಕೆಲವು ಸೇರಿಕೊಂಡು ಜಜ್ಜಿದ ಗಾಯದ ಹಾಗೆ ಕಾಣುತ್ತವೆ. ಮೈಬಣ್ಣ ಕಪ್ಪಾಗಿದ್ದರೆ ಕೆಂಪು ಎದ್ದು ಕಾಣುವುದಿಲ್ಲ, ಕಪ್ಪು-ನೇರಳೆ ಕಲೆಯಷ್ಟೇ ಕಾಣಬಹುದು. ಆಗ ಕಣ್ಣಿಗಿಂತ ಬೆರಳನ್ನು ನಂಬಿ. ಮೆಲ್ಲಗೆ ಸವರಿದರೆ ಚರ್ಮದಿಂದ ಸ್ವಲ್ಪ ಉಬ್ಬಿರುವುದು ಕೈಗೆ ಸಿಗುತ್ತದೆ. ಎರಡೂ ಕಾಲಿನಲ್ಲಿ ಹೆಚ್ಚುಕಮ್ಮಿ ಒಂದೇ ರೀತಿ ಇರುತ್ತವೆ. ಮೊಣಕಾಲಿನ ಕೆಳಗೆ, ಪಾದದ ಗಂಟಿನ ಸುತ್ತ, ತೊಡೆಯ ಹಿಂದೆ, ಪೃಷ್ಠದ ಮೇಲೆ, ಮತ್ತೆ ಕಾಲುಚೀಲದ ಎಲಾಸ್ಟಿಕ್ ಒತ್ತುವ ಜಾಗದಲ್ಲಿ ಸಾಲಾಗಿ.

ಪಾರದರ್ಶಕ ಗಾಜಿನ ಲೋಟವೊಂದನ್ನು ಚುಕ್ಕೆಯ ಮೇಲೆ ಒತ್ತಿ, ಗಾಜಿನ ಮೂಲಕ ನೋಡಿ. ಅಲರ್ಜಿಯ ಕೆಂಪು ಒತ್ತಿದಾಗ ಮಾಯವಾಗುತ್ತದೆ. ಇದು ಮಾಯವಾಗುವುದಿಲ್ಲ, ಯಾಕೆಂದರೆ ರಕ್ತ ನಾಳದ ಹೊರಗೆ ಬಂದುಬಿಟ್ಟಿದೆ. ಒತ್ತಿದರೂ ಹೋಗದ ಚುಕ್ಕೆ ಯಾವುದೇ ಇರಲಿ, ಅವತ್ತೇ ಡಾಕ್ಟರಿಗೆ ತೋರಿಸಬೇಕು.

ಚುಕ್ಕೆ ಇಲ್ಲದೆ ಬರೀ ಹೊಟ್ಟೆನೋವು ಬರಬಹುದಾ?

ಬರಬಹುದು. ಕೆಲವರಲ್ಲಿ ಹೊಟ್ಟೆನೋವು ಅಥವಾ ಕೀಲುನೋವು ಮೊದಲು, ಚುಕ್ಕೆ ಆಮೇಲೆ. ಆ ನಡುವಿನ ದಿನಗಳಲ್ಲಿ ಅಪೆಂಡಿಸೈಟಿಸ್ ಅಂತಲೋ, ಹಳೇ ಭೇದಿಯೇ ಮತ್ತೆ ಬಂತು ಅಂತಲೋ ಅನಿಸುವುದು ಸಹಜ. ದಿನಾ ಸ್ನಾನ ಮಾಡಿಸುವಾಗ ಕಾಲು, ಪೃಷ್ಠ ನೋಡಿಕೊಂಡರೆ ಗೊತ್ತಾಗುತ್ತದೆ. ಹುಡುಗರಲ್ಲಿ ವೃಷಣದ ಚೀಲವೂ ಊದಿ ನೋಯಬಹುದು. ಅದನ್ನು ‘ಇದೇ ಕಾಯಿಲೆ ಇರಬೇಕು’ ಅಂತ ಮನೆಯಲ್ಲೇ ತೀರ್ಮಾನಿಸಬೇಡಿ. ವೃಷಣ ತಿರುಚಿಕೊಂಡಿದ್ದರೆ ಗಂಟೆಗಳ ಲೆಕ್ಕದಲ್ಲಿ ಆಪರೇಷನ್ ಬೇಕಾಗುತ್ತದೆ.

ಯಾವಾಗ ತಕ್ಷಣ ಆಸ್ಪತ್ರೆಗೆ ಓಡಬೇಕು?

ಒತ್ತಿದರೂ ಹೋಗದ ಚುಕ್ಕೆಯ ಜೊತೆ ಜ್ವರ, ಮಂಪರು, ಕುತ್ತಿಗೆ ಬಿಗಿತ, ಕೈಕಾಲು ತಣ್ಣಗಾಗುವುದು ಇದ್ದರೆ ಒಂದು ನಿಮಿಷವೂ ತಡ ಮಾಡಬೇಡಿ. ಅದು ಮೆನಿಂಗೊಕಾಕಸ್ ಸೋಂಕು ಆಗಿರಬಹುದು, ಅದು ಗಂಟೆಗಳಲ್ಲಿ ಜೀವ ತೆಗೆಯಬಲ್ಲದು.

ಹೊಟ್ಟೆನೋವು ಬಿಟ್ಟು ಬಿಟ್ಟು ಜೋರಾಗಿ ಬಂದು ಮಗು ಕಾಲು ಮಡಚಿಕೊಂಡು ಕಿರುಚುತ್ತಿದ್ದರೆ, ಹಸಿರು ವಾಂತಿಯಾದರೆ, ಮಲದಲ್ಲಿ ರಕ್ತ ಕಂಡರೆ ಅಥವಾ ಮಲ ಡಾಂಬರಿನಂತೆ ಕಪ್ಪಾದರೆ ಆಗಲೂ ಹೊರಡಿ. ಊದಿಕೊಂಡ ಕರುಳಿನ ಒಂದು ತುಂಡು ಪಕ್ಕದ ತುಂಡಿನೊಳಗೆ ನುಗ್ಗಿ ಸಿಕ್ಕಿಕೊಂಡಿರಬಹುದು. ಇದಕ್ಕೆ ಇಂಟಸಸೆಪ್ಷನ್ ಅನ್ನುತ್ತಾರೆ. ಈ ಕಾಯಿಲೆಯಲ್ಲಿ ಇದು ಹೆಚ್ಚಾಗಿ ಸಣ್ಣ ಕರುಳಿನಲ್ಲೇ ಆಗುವುದರಿಂದ ಎನಿಮಾ ಕೊಟ್ಟು ಸರಿಮಾಡುವುದು ಕಷ್ಟ, ಅಲ್ಟ್ರಾಸೌಂಡ್ ಮಾಡಿಯೇ ನೋಡಬೇಕು.

ಇನ್ನು ಮೂತ್ರ ಕಡುಕಂದು ಬಣ್ಣಕ್ಕೆ ತಿರುಗುವುದು, ಮೂತ್ರ ತೀರಾ ಕಡಿಮೆಯಾಗುವುದು, ಮುಖ ಊದುವುದು, ಜೋರು ತಲೆನೋವು, ಫಿಟ್ಸ್. ಇವುಗಳಲ್ಲಿ ಯಾವುದು ಕಂಡರೂ ಬೆಳಗಾಗಲಿ ಅಂತ ಕಾಯಬೇಡಿ.

ಭೇದಿಯಾದ ಮೇಲೆ ಕಿಡ್ನಿಗೆ ತೊಂದರೆ ಕೊಡುವ ಬೇರೆ ಕಾಯಿಲೆಯೂ ಇದೆ ಅಂತ ಕೇಳಿದ್ದೇನೆ. ಅದೂ ಇದೂ ಒಂದೇನಾ?

ಬೇರೆ ಬೇರೆ. ನೀವು ಕೇಳಿರುವುದು ಎಚ್‌ಯುಎಸ್, ಅಂದರೆ ಹೀಮೊಲಿಟಿಕ್ ಯುರೆಮಿಕ್ ಸಿಂಡ್ರೋಮ್. ಶಿಗಾ ವಿಷ ತಯಾರಿಸುವ ಇ. ಕೋಲೈ ಬ್ಯಾಕ್ಟೀರಿಯಾ ಅದಕ್ಕೆ ಮುಖ್ಯ ಕಾರಣ. ರಕ್ತಭೇದಿ ಶುರುವಾಗಿ ಸುಮಾರು ಒಂದು ವಾರದ ಹೊತ್ತಿಗೆ ಮಗು ಬಿಳಿಚಿಕೊಳ್ಳುತ್ತದೆ, ಮೂತ್ರ ಕಡಿಮೆಯಾಗುತ್ತದೆ. ಅದರಲ್ಲಿ ವಿಷವೇ ನೇರವಾಗಿ ರಕ್ತನಾಳದ ಒಳಪದರವನ್ನು ಹಾಳುಮಾಡುತ್ತದೆ, ಪ್ಲೇಟ್‌ಲೆಟ್ ಇಳಿಯುತ್ತದೆ, ಕೆಂಪು ರಕ್ತಕಣಗಳು ಒಡೆಯುತ್ತವೆ.

ಐಜಿಎ ವ್ಯಾಸ್ಕುಲೈಟಿಸ್‌ನಲ್ಲಿ ಪ್ಲೇಟ್‌ಲೆಟ್ ಇಳಿಯುವುದಿಲ್ಲ, ಕೆಲವೊಮ್ಮೆ ಏರಿರುತ್ತದೆ. ಹಾಗಾಗಿ ಒಂದು ಸಾಮಾನ್ಯ ರಕ್ತಪರೀಕ್ಷೆಯೇ ಎಷ್ಟೋ ಗೊಂದಲ ತೀರಿಸುತ್ತದೆ. ಪ್ಲೇಟ್‌ಲೆಟ್ ಕಡಿಮೆ ಇದ್ದರೆ ಎಚ್‌ಯುಎಸ್, ಐಟಿಪಿ (ರೋಗನಿರೋಧಕ ವ್ಯವಸ್ಥೆಯೇ ಪ್ಲೇಟ್‌ಲೆಟ್ ನಾಶಮಾಡುವ ಕಾಯಿಲೆ), ಡೆಂಗಿ, ರಕ್ತದ ಕ್ಯಾನ್ಸರ್ ಇವುಗಳ ಕಡೆ ಯೋಚಿಸಬೇಕಾಗುತ್ತದೆ.

ಯಾವ ಪರೀಕ್ಷೆ ಮಾಡುತ್ತಾರೆ?

‘ಇದೇ ಕಾಯಿಲೆ’ ಅಂತ ಹೇಳುವ ಒಂದೇ ಒಂದು ರಕ್ತಪರೀಕ್ಷೆ ಇಲ್ಲ. ಮಕ್ಕಳಲ್ಲಿ ವೈದ್ಯರು ನೋಡಿ, ಮುಟ್ಟಿ, ಕೇಳಿಯೇ ನಿರ್ಧರಿಸುತ್ತಾರೆ. ಕಾಲಿನಲ್ಲಿ ಜಾಸ್ತಿ ಇರುವ ಪರ್ಪುರಾ (ಒತ್ತಿದರೂ ಮಾಯವಾಗದ) ಚುಕ್ಕೆ ಇರಲೇಬೇಕು, ಜೊತೆಗೆ ಹೊಟ್ಟೆನೋವು, ಕೀಲುನೋವು ಅಥವಾ ಊತ, ಕಿಡ್ನಿಯ ತೊಂದರೆ, ಬಯಾಪ್ಸಿಯಲ್ಲಿ (ಚರ್ಮ ಅಥವಾ ಕಿಡ್ನಿಯ ಚೂರು ತೆಗೆದು ನೋಡುವ ಪರೀಕ್ಷೆ) ಐಜಿಎ ಕಾಣುವುದು, ಇವುಗಳಲ್ಲಿ ಒಂದಾದರೂ ಇರಬೇಕು. 2010ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ಮಾನದಂಡ ಹೀಗೇ ಹೇಳುತ್ತದೆ.

ಉಳಿದ ಪರೀಕ್ಷೆಗಳು ಬೇರೆ ಕಾಯಿಲೆ ಅಲ್ಲ ಅಂತ ಖಾತ್ರಿ ಮಾಡಿಕೊಳ್ಳಲು, ಮತ್ತೆ ಕಿಡ್ನಿ ಹೇಗಿದೆ ಅಂತ ನೋಡಲು: ರಕ್ತಕಣಗಳ ಎಣಿಕೆ, ಕ್ರಿಯಾಟಿನಿನ್ (ಕಿಡ್ನಿ ಸರಿಯಾಗಿ ಸೋಸುತ್ತಿದೆಯಾ ಅಂತ ಹೇಳುವ ರಕ್ತಪರೀಕ್ಷೆ), ಮೂತ್ರಪರೀಕ್ಷೆ, ಬಿಪಿ. ರಕ್ತದಲ್ಲಿ ಐಜಿಎ ಮಟ್ಟ ಕೆಲವರಲ್ಲಿ ಏರಿರುತ್ತದೆ, ಎಷ್ಟೋ ಜನರಲ್ಲಿ ನಾರ್ಮಲ್ ಇರುತ್ತದೆ, ಅದನ್ನು ನೆಚ್ಚಿಕೊಂಡು ಕೂರಬಾರದು. ಅನುಮಾನ ಇದ್ದರೆ ಚರ್ಮದ ಚಿಕ್ಕ ಚೂರು ತೆಗೆದು ಬಯಾಪ್ಸಿ ಮಾಡುತ್ತಾರೆ. ಅದಕ್ಕೆ ಹೊಸದಾಗಿ ಎದ್ದ ಚುಕ್ಕೆಯೇ ಬೇಕು. ದಿನ ಕಳೆದಂತೆ ಐಜಿಎ ಅಲ್ಲಿಂದ ಕರಗಿಹೋಗುತ್ತದೆ, ಹಳೇ ಚುಕ್ಕೆಯಲ್ಲಿ ಹುಡುಕಿದರೆ ಸಿಗದೇ ಇರಬಹುದು.

ಮಲದ ಪರೀಕ್ಷೆಯಲ್ಲಿ ಏನೂ ಸಿಗಲಿಲ್ಲ. ಹಾಗಾದರೆ ಸೋಂಕು ಇರಲೇ ಇಲ್ಲವಾ?

ಹಾಗೇನಿಲ್ಲ. ಚುಕ್ಕೆ ಏಳುವಷ್ಟರಲ್ಲಿ ಬ್ಯಾಕ್ಟೀರಿಯಾ ಹೋಗಿರಬಹುದು, ಅಥವಾ ಮೊದಲೇ ಕೊಟ್ಟ ಆಂಟಿಬಯೋಟಿಕ್‌ನಿಂದ ಕಲ್ಚರ್‌ನಲ್ಲಿ ಬೆಳೆಯದೇ ಇರಬಹುದು. ಇದರಿಂದ ಚಿಕಿತ್ಸೆಗೆ ದೊಡ್ಡ ವ್ಯತ್ಯಾಸ ಆಗುವುದಿಲ್ಲ. ಈಗಲೂ ಭೇದಿ ಇದ್ದರೆ, ಅದರಲ್ಲೂ ರಕ್ತ ಹೋಗುತ್ತಿದ್ದರೆ ಮಾತ್ರ ಮಲದ ಪರೀಕ್ಷೆ ನಿಜಕ್ಕೂ ಮುಖ್ಯ. ಆ ರಕ್ತ ಸೋಂಕಿನದ್ದೋ ಉರಿಯೂತದ್ದೋ ಅಂತ ತಿಳಿಯಬೇಕಲ್ಲ.

ಆಂಟಿಬಯೋಟಿಕ್ ಕೊಟ್ಟರೆ ಚುಕ್ಕೆ ಹೋಗುತ್ತದಾ?

ಸಾಮಾನ್ಯವಾಗಿ ಇಲ್ಲ. ಆಂಟಿಬಯೋಟಿಕ್ ಬ್ಯಾಕ್ಟೀರಿಯಾಕ್ಕೆ, ಉರಿಯೂತಕ್ಕಲ್ಲ. ಸೋಂಕು ಇನ್ನೂ ಇದೆ ಅಂತ ಗೊತ್ತಾದರೆ, ಅದು ಜೋರಾಗಿದ್ದರೆ ಕೊಡುತ್ತಾರೆ. ಕ್ಯಾಂಪಿಲೋಬ್ಯಾಕ್ಟರ್‌ಗೆ ಅಜಿತ್ರೋಮೈಸಿನ್ ಸಾಮಾನ್ಯ ಆಯ್ಕೆ. ಹೆಲಿಕೋಬ್ಯಾಕ್ಟರ್ ಸಿಕ್ಕಿದರೆ ಅದನ್ನು ತೆಗೆದುಹಾಕುವ ಚಿಕಿತ್ಸೆ ಬೇರೆಯೇ ಇದೆ.

ಆದರೆ ಅಂಗಡಿಯಿಂದ ನೀವೇ ತಂದು ಕೊಡಬೇಡಿ, ಇದನ್ನು ಒತ್ತಿ ಹೇಳುತ್ತೇನೆ. ಶಿಗಾ ವಿಷದ ಇ. ಕೋಲೈ ಇದ್ದಾಗ ಆಂಟಿಬಯೋಟಿಕ್ ಕೊಟ್ಟರೆ ಎಚ್‌ಯುಎಸ್ ಅಪಾಯ ಹೆಚ್ಚಬಹುದು ಅನ್ನುವ ಕಾರಣಕ್ಕೆ ವೈದ್ಯರೇ ಹಿಂಜರಿಯುತ್ತಾರೆ. ರಕ್ತಭೇದಿ ಇರುವಾಗ ಭೇದಿ ನಿಲ್ಲಿಸುವ ಲೋಪೆರಮೈಡ್ ಮಾತ್ರೆಯೂ ಬೇಡ.

ಸ್ಟೀರಾಯ್ಡ್ ಬೇಕೇ ಬೇಕಾ?

ಎಲ್ಲರಿಗೂ ಬೇಡ. ಬರೀ ಚುಕ್ಕೆ, ಸ್ವಲ್ಪ ಕೀಲುನೋವು ಇದ್ದರೆ ವಿಶ್ರಾಂತಿ, ನೀರು, ಪ್ಯಾರಾಸಿಟಮಾಲ್ ಸಾಕಾಗುತ್ತದೆ. ನಾಲ್ಕಾರು ವಾರದಲ್ಲಿ ಹೆಚ್ಚಿನವರಿಗೆ ತಾನಾಗೇ ಇಳಿಯುತ್ತದೆ. ಐಬುಪ್ರೊಫೆನ್ ತರಹದ ನೋವಿನ ಮಾತ್ರೆಯನ್ನು ಕಿಡ್ನಿ ಸರಿಯಾಗಿದೆ, ಕರುಳಿನಲ್ಲಿ ರಕ್ತಸ್ರಾವ ಇಲ್ಲ ಅಂತ ಡಾಕ್ಟರ್ ಹೇಳಿದ ಮೇಲಷ್ಟೇ ಕೊಡಬೇಕು.

ಹೊಟ್ಟೆನೋವು ಜೋರಾಗಿದ್ದರೆ ಸ್ಟೀರಾಯ್ಡ್ ನಿಜವಾಗಿ ಉಪಯೋಗಕ್ಕೆ ಬರುತ್ತದೆ, ನೋವು ಬೇಗ ಇಳಿಯುತ್ತದೆ. ‘ಮೊದಲೇ ಕೊಟ್ಟರೆ ಮುಂದೆ ಕಿಡ್ನಿ ಉಳಿಯುತ್ತದೆ’ ಅನ್ನುವ ನಂಬಿಕೆ ಹಿಂದೆ ಇತ್ತು. ಆಮೇಲೆ ಮಕ್ಕಳನ್ನು ಎರಡು ಗುಂಪು ಮಾಡಿ ಹೋಲಿಸಿ ನೋಡಿದ ಪ್ರಯೋಗಗಳಲ್ಲಿ ಅದು ಸಾಬೀತಾಗಲಿಲ್ಲ. ಆದ್ದರಿಂದ ಚುಕ್ಕೆ ಮಾತ್ರ ಇರುವ ಮಗುವಿಗೆ ಸ್ಟೀರಾಯ್ಡ್ ಬರೆಯಲಿಲ್ಲ ಅಂತ ಡಾಕ್ಟರ್ ಮೇಲೆ ಬೇಸರ ಬೇಡ. ಕೊಟ್ಟಿದ್ದರೆ ಇದ್ದಕ್ಕಿದ್ದಂತೆ ನಿಲ್ಲಿಸಬೇಡಿ, ಹೇಳಿದ ಹಾಗೆ ಕಡಿಮೆ ಮಾಡುತ್ತಾ ಬನ್ನಿ.

ಕಿಡ್ನಿಗೆ ಪೆಟ್ಟು ಬಿದ್ದಿದ್ದರೆ ಲೆಕ್ಕ ಬೇರೆ. ಆಗ ಸ್ಟೀರಾಯ್ಡ್ ಜೊತೆ ಮೈಕೊಫಿನೊಲೇಟ್, ಸೈಕ್ಲೊಫಾಸ್ಫಮೈಡ್ ತರಹದ, ರೋಗನಿರೋಧಕ ವ್ಯವಸ್ಥೆಯನ್ನು ತಗ್ಗಿಸುವ ಔಷಧಿ, ಪ್ರೋಟೀನ್ ಸೋರುವುದನ್ನು ತಗ್ಗಿಸಲು ಕೆಲವು ಬಿಪಿ ಮಾತ್ರೆ ಬೇಕಾಗಬಹುದು.

ಕಿಡ್ನಿ ಹಾಳಾಗುತ್ತದಾ? ಚುಕ್ಕೆಯೆಲ್ಲಾ ಹೋಯಿತು, ಇನ್ನೂ ಯಾಕೆ ಮೂತ್ರಪರೀಕ್ಷೆ?

ಈ ಪುಟ ಬರೆದಿರುವುದೇ ಈ ಒಂದು ಉತ್ತರಕ್ಕಾಗಿ ಅಂದರೂ ತಪ್ಪಿಲ್ಲ.

ಚುಕ್ಕೆ ಕಣ್ಣಿಗೆ ಕಾಣುತ್ತದೆ, ಕೀಲು ನೋಯುತ್ತದೆ, ಹೊಟ್ಟೆ ಕಿರುಚಿಸುತ್ತದೆ. ಕಿಡ್ನಿ ಏನೂ ಹೇಳುವುದಿಲ್ಲ. ಮಗು ಓಡಾಡಿಕೊಂಡು ನಗುನಗುತ್ತಾ ಇರುವಾಗಲೇ ಮೂತ್ರದಲ್ಲಿ ಪ್ರೋಟೀನ್ ಸೋರುತ್ತಿರಬಹುದು. ಬರಿಗಣ್ಣಿಗೆ ಮೂತ್ರ ಮಾಮೂಲಿಯಾಗೇ ಇರುತ್ತದೆ. ಈ ಕಾಯಿಲೆ ಬಂದ ಮಕ್ಕಳಲ್ಲಿ ಮೂರನೇ ಒಂದು ಭಾಗದಷ್ಟು ಜನರಿಗೆ ಕಿಡ್ನಿಯಲ್ಲಿ ಏನಾದರೂ ಬದಲಾವಣೆ ಆಗುತ್ತದೆ. ಹೆಚ್ಚಿನವರಲ್ಲಿ ಅದು ಹಗುರ, ತಾನಾಗೇ ಸರಿಹೋಗುತ್ತದೆ. ಕೊನೆಗೆ ಕಿಡ್ನಿ ವೈಫಲ್ಯದವರೆಗೆ ಹೋಗುವವರು ನೂರರಲ್ಲಿ ಒಬ್ಬರೋ ಇಬ್ಬರೋ. ಆ ಒಬ್ಬಿಬ್ಬರನ್ನು ಬೇಗ ಗುರುತಿಸುವುದಕ್ಕೇ ಇಷ್ಟೆಲ್ಲ ಪರೀಕ್ಷೆ.

ಕಿಡ್ನಿ ತೊಂದರೆ ಮೊದಲ ದಿನವೇ ಬರಬೇಕು ಅಂತಿಲ್ಲ. ಹೆಚ್ಚಿನವರಲ್ಲಿ ಮೊದಲ 4ರಿಂದ 6 ವಾರದೊಳಗೆ ಕಾಣುತ್ತದೆ, 6 ತಿಂಗಳು ಮುಗಿಯುವಷ್ಟರಲ್ಲಿ ಬರಬೇಕಾದವರಲ್ಲಿ ಸುಮಾರು 97% ಜನರಲ್ಲಿ ಬಂದಾಗಿರುತ್ತದೆ. ವೈದ್ಯರು 6 ತಿಂಗಳ ಲೆಕ್ಕ ಹೇಳುವುದು ಇದಕ್ಕೇ. ಸಾಮಾನ್ಯವಾಗಿ ಮೊದಲ ತಿಂಗಳು ವಾರಕ್ಕೊಮ್ಮೆ, ಆಮೇಲೆ ಅಂತರ ಹೆಚ್ಚಿಸುತ್ತಾ 6 ತಿಂಗಳವರೆಗೆ ಮೂತ್ರ ಮತ್ತು ಬಿಪಿ ಎರಡನ್ನೂ ನೋಡುತ್ತಾರೆ. ಬಿಪಿಯನ್ನು ಬಿಡುವವರು ಜಾಸ್ತಿ. ‘ಮಕ್ಕಳಿಗೆಂಥ ಬಿಪಿ’ ಅಂತ ಅನಿಸಬಹುದು, ಕಿಡ್ನಿ ಉರಿಯೂತದಲ್ಲಿ ಮಕ್ಕಳಿಗೂ ಬಿಪಿ ಏರುತ್ತದೆ. ಅಳೆಯಲು ಮಗುವಿನ ತೋಳಿಗೆ ಸರಿಹೊಂದುವ ಪಟ್ಟಿಯೇ ಬೇಕು, ದೊಡ್ಡವರ ಪಟ್ಟಿ ಕಟ್ಟಿದರೆ ಇರುವುದಕ್ಕಿಂತ ಕಡಿಮೆ ತೋರಿಸುತ್ತದೆ.

ಪ್ರೋಟೀನ್ ವಾರಗಟ್ಟಲೆ ಹೋಗುತ್ತಲೇ ಇದ್ದರೆ, ತುಂಬಾ ಜಾಸ್ತಿ ಇದ್ದರೆ, ಕ್ರಿಯಾಟಿನಿನ್ ಏರಿದರೆ ಕಿಡ್ನಿ ತಜ್ಞರು ಬಯಾಪ್ಸಿ ಮಾಡೋಣ ಅನ್ನಬಹುದು. ಉರಿಯೂತ ಎಷ್ಟು ಆಳಕ್ಕಿಳಿದಿದೆ ಅಂತ ಗೊತ್ತಾಗದೆ ಬಲವಾದ ಔಷಧಿ ಕೊಡಲು ಆಗುವುದಿಲ್ಲ, ಹಾಗಾಗಿ ಹೆದರಿ ಮುಂದೂಡಬೇಡಿ.

ಮೂತ್ರವನ್ನು ಮನೆಯಲ್ಲೇ ಪರೀಕ್ಷೆ ಮಾಡಬಹುದಾ?

ಮಾಡಬಹುದು, ಡಾಕ್ಟರನ್ನು ಕೇಳಿಕೊಂಡು. ಪಟ್ಟಿ ಅದ್ದಿ ನೋಡುವ ಡಿಪ್‌ಸ್ಟಿಕ್ ಬಳಸುವುದು ಕಷ್ಟವೇನಲ್ಲ. ಬೆಳಗ್ಗೆ ಎದ್ದ ಕೂಡಲೇ ಮಾಡುವ ಮೊದಲ ಮೂತ್ರ ಹಿಡಿಯಿರಿ. ದಿನವೆಲ್ಲ ಓಡಾಡಿದ ಮೇಲೆ ಆರೋಗ್ಯವಂತ ಮಕ್ಕಳಲ್ಲೂ ಸ್ವಲ್ಪ ಪ್ರೋಟೀನ್ ಕಾಣಬಹುದು, ಬೆಳಗಿನದರಲ್ಲಿ ಆ ಗೊಂದಲ ಇರುವುದಿಲ್ಲ. ಪಟ್ಟಿಯನ್ನು ಅದ್ದಿ ತೆಗೆದು, ಅಂಚನ್ನು ಪಾತ್ರೆಗೆ ತಾಗಿಸಿ ಹೆಚ್ಚಾದ ಮೂತ್ರ ಹರಿಸಿ, ಡಬ್ಬಿಯ ಮೇಲೆ ಬರೆದಷ್ಟು ಸೆಕೆಂಡ್ ಕಾದು, ಒಳ್ಳೆ ಬೆಳಕಿನಲ್ಲಿ ಬಣ್ಣ ಹೋಲಿಸಿ. ಪ್ರೋಟೀನಿನ ಚೌಕ ಮೊದಲು ಹಳದಿ ಇರುತ್ತದೆ, ಪ್ರೋಟೀನ್ ಇದ್ದಷ್ಟೂ ಹಸಿರಿಗೆ ತಿರುಗುತ್ತದೆ. ಕಾದದ್ದು ಜಾಸ್ತಿಯಾದರೆ ಬಣ್ಣ ತಾನಾಗೇ ಗಾಢವಾಗಿ ಸುಮ್ನೆ ಹೆದರಿಸುತ್ತದೆ. ಡಬ್ಬಿಯ ಮುಚ್ಚಳ ಬಿಗಿಯಾಗಿ ಹಾಕಿಡಿ, ತೇವಕ್ಕೆ ಪಟ್ಟಿಗಳು ಕೆಡುತ್ತವೆ.

ತಾರೀಕು, ಪ್ರೋಟೀನ್, ರಕ್ತ ಅಂತ ಒಂದು ನೋಟ್‌ಬುಕ್‌ನಲ್ಲಿ ಬರೆಯುತ್ತಾ ಹೋಗಿ. ಡಾಕ್ಟರಿಗೆ ಒಂದು ದಿನದ ಅಂಕಿಗಿಂತ ವಾರಗಳ ಸಾಲು ಹೆಚ್ಚು ಹೇಳುತ್ತದೆ. ಆದರೆ ಇದು ಬಿಪಿ ನೋಡಿಸುವುದಕ್ಕೆ, ಲ್ಯಾಬ್ ಪರೀಕ್ಷೆಗೆ ಬದಲಿ ಅಲ್ಲ.

ದೊಡ್ಡವರಿಗೆ ಬಂದರೆ?

ಕಿಡ್ನಿಗೆ ಪೆಟ್ಟು ಬೀಳುವುದು ಜಾಸ್ತಿ, ಪೂರ್ತಿ ಸರಿಹೋಗುವುದು ಕಡಿಮೆ. ಚುಕ್ಕೆಗಳು ನೀರುಗುಳ್ಳೆಯಾಗಿ ಹುಣ್ಣಾಗುವುದೂ ದೊಡ್ಡವರಲ್ಲೇ ಹೆಚ್ಚು. ಹಾಗಾಗಿ ಅವರಿಗೆ ಚರ್ಮದ ಬಯಾಪ್ಸಿ ಸಾಮಾನ್ಯವಾಗಿ ಮಾಡಿಯೇ ಮಾಡುತ್ತಾರೆ. ಇದೇ ತರಹ ಕಾಣುವ ಬೇರೆ ವ್ಯಾಸ್ಕುಲೈಟಿಸ್‌ಗಳನ್ನು ಬದಿಗಿಡಲು ಎಎನ್‌ಸಿಎ (ಬೇರೆ ಬಗೆಯ ವ್ಯಾಸ್ಕುಲೈಟಿಸ್‌ಗಳಲ್ಲಿ ಕಾಣುವ ಪ್ರತಿಕಾಯ), ಹೆಪಟೈಟಿಸ್ ಬಿ ಮತ್ತು ಸಿ ಪರೀಕ್ಷೆಗಳೂ ಇರುತ್ತವೆ. ಕೆಲವು ಔಷಧಿಗಳೂ ಹೀಗೆ ಮಾಡಬಲ್ಲವು, ಆದ್ದರಿಂದ ಇತ್ತೀಚೆಗೆ ನುಂಗಿದ ಎಲ್ಲ ಮಾತ್ರೆಗಳ ಪಟ್ಟಿ ಒಯ್ಯಿರಿ. ವಯಸ್ಸಾದವರಲ್ಲಿ ಕ್ಯಾನ್ಸರ್ ಏನಾದರೂ ಅಡಗಿದೆಯಾ ಅಂತಲೂ ನೋಡುತ್ತಾರೆ. ಆ ಮಾತು ಕೇಳಿ ಎದೆ ಒಡೆದುಕೊಳ್ಳಬೇಡಿ, ಅದು ವಾಡಿಕೆಯ ಎಚ್ಚರಿಕೆ.

ಇದು ಅಂಟುತ್ತದಾ?

ವ್ಯಾಸ್ಕುಲೈಟಿಸ್ ಅಂಟುವುದಿಲ್ಲ. ಅದಕ್ಕೆ ಮುಂಚಿನ ಭೇದಿ ಅಂಟುತ್ತದೆ. ಭೇದಿ ನಿಂತಿದ್ದರೆ, ಮಗುವಿಗೆ ನಡೆಯಲು ಆಗುತ್ತಿದ್ದರೆ ಶಾಲೆಗೆ ಕಳಿಸಬಹುದು. ಚುಕ್ಕೆ ನೋಡಿ ಯಾರಾದರೂ ದೂರ ಇಟ್ಟರೆ ಡಾಕ್ಟರ್ ಹತ್ತಿರ ಒಂದು ಚೀಟಿ ಬರೆಸಿಕೊಂಡು ಕೊಡಿ.

ಪಥ್ಯ ಏನಾದರೂ ಇದೆಯಾ? ಆಟ ಆಡಬಹುದಾ?

ವಿಶೇಷ ಪಥ್ಯ ಅಂತ ಏನೂ ಇಲ್ಲ. ಹೊಟ್ಟೆನೋವು ಇರುವಾಗ ಹಗುರವಾದ ಊಟ. ಬಿಪಿ ಏರಿದ್ದರೆ, ಮೈ ಊದಿದ್ದರೆ ಉಪ್ಪು ಕಡಿಮೆ. ಪ್ರೋಟೀನ್ ಸೋರುತ್ತಿದೆ ಅಂತ ನೀವಾಗೇ ಊಟದಲ್ಲಿ ಪ್ರೋಟೀನ್ ಏರಿಸುವುದಾಗಲಿ ಇಳಿಸುವುದಾಗಲಿ ಬೇಡ. ಜಾಸ್ತಿ ನಿಂತು ಓಡಾಡಿದ ದಿನ ಕಾಲಲ್ಲಿ ಹೊಸ ಚುಕ್ಕೆ ಏಳುವುದುಂಟು, ಕಾಲು ಊದಿದ್ದರೆ ಎತ್ತರಕ್ಕಿಟ್ಟು ಮಲಗಿಸಿ. ಕೀಲುನೋವು ಎಷ್ಟೇ ಇದ್ದರೂ ಕೀಲು ಶಾಶ್ವತವಾಗಿ ಹಾಳಾಗುವುದಿಲ್ಲ, ಇದು ಸಮಾಧಾನದ ವಿಷಯ.

ಮತ್ತೆ ಬರುತ್ತದಾ?

ಮೂರರಲ್ಲಿ ಒಬ್ಬರಿಗೆ ಮರುಕಳಿಸುತ್ತದೆ, ಹೆಚ್ಚಾಗಿ ಮೊದಲ ಕೆಲವು ತಿಂಗಳಲ್ಲಿ. ಸಾಮಾನ್ಯವಾಗಿ ಮೊದಲ ಸಲಕ್ಕಿಂತ ಹಗುರವಾಗಿ, ಕಡಿಮೆ ದಿನ ಇರುತ್ತದೆ. ಹೊಸ ಸೋಂಕು ತಗುಲಿದಾಗ ಬರುವುದೂ ಉಂಟು. ಮತ್ತೆ ಬಂದಾಗ ಮೂತ್ರಪರೀಕ್ಷೆಯನ್ನೂ ಮೊದಲಿನಿಂದ ಶುರು ಮಾಡಬೇಕಾ ಅಂತ ಡಾಕ್ಟರನ್ನು ಕೇಳಿ.

ಬಾರದ ಹಾಗೆ ತಡೆಯಬಹುದಾ?

ಕಾಯಿಲೆಯನ್ನೇ ತಡೆಯುವ ಲಸಿಕೆಯಾಗಲಿ ಮಾತ್ರೆಯಾಗಲಿ ಇಲ್ಲ. ಕರುಳಿನ ಸೋಂಕನ್ನು ಕಡಿಮೆ ಮಾಡಬಹುದು. ಹಸಿ ಕೋಳಿಮಾಂಸವನ್ನು ನಲ್ಲಿಯ ಕೆಳಗೆ ತೊಳೆಯಬೇಡಿ, ಸಿಡಿಯುವ ಹನಿಗಳೇ ಕ್ಯಾಂಪಿಲೋಬ್ಯಾಕ್ಟರನ್ನು ಸುತ್ತಲಿನ ಪಾತ್ರೆ, ತರಕಾರಿಗೆ ಹರಡುತ್ತವೆ. ಮಾಂಸ ಕತ್ತರಿಸಿದ ಮಣೆ, ಚಾಕು ಬೇರೆ ಇರಲಿ. ಒಳಭಾಗ 74 ಡಿಗ್ರಿ ಸೆಲ್ಸಿಯಸ್ ಮುಟ್ಟುವಷ್ಟು ಬೇಯಿಸಿ. ಹಸಿ ಹಾಲು ಕುಡಿಸಬೇಡಿ. ಡೈಪರ್ ಬದಲಿಸಿದ ಮೇಲೆ, ಸಾಕುಪ್ರಾಣಿ ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆಯಿರಿ. ಮಾಮೂಲಿ ಲಸಿಕೆಗಳನ್ನು ಈ ಕಾಯಿಲೆಯ ಹೆದರಿಕೆಯಿಂದ ಬಿಡಬೇಡಿ. ಸ್ಟೀರಾಯ್ಡ್ ಅಥವಾ ಬಲವಾದ ಔಷಧಿ ನಡೆಯುತ್ತಿದ್ದರೆ ಮಾತ್ರ ಯಾವ ಲಸಿಕೆ ಯಾವಾಗ ಅಂತ ಮೊದಲು ವಿಚಾರಿಸಿ.

ಚಿಕ್ಕವಳಿದ್ದಾಗ ನನಗೆ ಇದು ಬಂದಿತ್ತು, ಈಗ ಗರ್ಭಿಣಿ. ಹೇಳಬೇಕಾ?

ಖಂಡಿತ ಹೇಳಿ. ಬಾಲ್ಯದಲ್ಲಿ ಈ ಕಾಯಿಲೆಯಿಂದ ಕಿಡ್ನಿಗೆ ತೊಂದರೆ ಆಗಿದ್ದವರಲ್ಲಿ, ಪೂರ್ತಿ ವಾಸಿಯಾಗಿದ್ದರೂ, ಗರ್ಭಿಣಿಯಾದಾಗ ಬಿಪಿ ಏರುವುದು, ಮೂತ್ರದಲ್ಲಿ ಪ್ರೋಟೀನ್ ಕಾಣುವುದು ಉಳಿದವರಿಗಿಂತ ಜಾಸ್ತಿ. ಮೊದಲ ಭೇಟಿಯಲ್ಲೇ ಹೇಳಿದರೆ ಬಿಪಿಯನ್ನೂ ಮೂತ್ರವನ್ನೂ ಇನ್ನಷ್ಟು ಹತ್ತಿರದಿಂದ ನೋಡಿಕೊಳ್ಳುತ್ತಾರೆ. ಆಗಿನ ಕಾಗದಪತ್ರ ಇದ್ದರೆ ಜೊತೆಗೆ ಒಯ್ಯಿರಿ, ಇಲ್ಲದಿದ್ದರೆ ‘ಎಚ್‌ಎಸ್‌ಪಿ ಆಗಿತ್ತು, ಇಷ್ಟನೇ ವಯಸ್ಸಿನಲ್ಲಿ, ಮೂತ್ರದಲ್ಲಿ ಪ್ರೋಟೀನ್ ಹೋಗುತ್ತಿತ್ತಂತೆ’ ಅಂತ ಮನೆಯ ಹಿರಿಯರನ್ನು ಕೇಳಿ ತಿಳಿದುಕೊಂಡು ಹೇಳಿದರೂ ಸಾಕು.